ನಡುವೆ ನಿಂತವರ ಹೆಸರೂ ಕಾಗದದ ಮೇಲೆ ಬರಲಿ: ಕಲಘಟಗಿ ತಾಲೂಕಿನಲ್ಲಿ ಮನೆ ಮಾರುವವರ, ಕೊಳ್ಳುವವರ ಹಕ್ಕೊತ್ತಾಯ ಪತ್ರ

ಇವರಿಗೆ:
ಮಾನ್ಯ ಕಂದಾಯ ಸಚಿವರು ಮತ್ತು ಮಾನ್ಯ ವಸತಿ ಸಚಿವರು, ಕರ್ನಾಟಕ ಸರ್ಕಾರ
ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರು ಮತ್ತು ಕಲಘಟಗಿ ಕ್ಷೇತ್ರದ ಶಾಸಕರು
ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕ ಆಯುಕ್ತರು, ಬೆಂಗಳೂರು
ಜಿಲ್ಲಾಧಿಕಾರಿಗಳು, ಧಾರವಾಡ
ಉಪನೋಂದಣಾಧಿಕಾರಿಗಳು ಹಾಗೂ ಪಟ್ಟಣ ಪಂಚಾಯಿತಿ ಮುಖ್ಯಾಧಿಕಾರಿಗಳು, ಕಲಘಟಗಿ
ತಾಲೂಕಿನ ಎಲ್ಲ ಮನೆ-ಜಾಗದ ಏಜೆಂಟರು

ಮುಖಾಂತರ: ತಹಶೀಲ್ದಾರರು, ಕಲಘಟಗಿ

ಪೀಠಿಕೆ

ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ ನಮ್ಮ ಕಲಘಟಗಿ. ಧುಮ್ಮವಾಡ, ಮಿಶ್ರಿಕೋಟಿ, ದೇವಿಕೊಪ್ಪ, ಗಳಗಿ ಹುಲಕೊಪ್ಪದ ಕಡೆಯ ಕುಟುಂಬಗಳು ಮಕ್ಕಳ ಸಾಲಿಗಾಗಿ ಪಟ್ಟಣದಲ್ಲೊಂದು ಮನೆ ಹುಡುಕುತ್ತವೆ. ಹುಬ್ಬಳ್ಳಿಗೆ, ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋದವರು ಊರಲ್ಲಿ ಬೀಗ ಹಾಕಿದ ಅಪ್ಪನ ಮನೆಯನ್ನು ಮಾರಲು ನೋಡುತ್ತಾರೆ. ಇವರಿಬ್ಬರನ್ನು ಕೂಡಿಸುವವರು ಏಜೆಂಟರು. ಗಿರಾಕಿ ತರುವುದು, ಮನೆ ತೋರಿಸುವುದು, ಬೆಲೆ ಕುದುರಿಸುವುದು, ಸಂಚಕಾರ ಕೊಡಿಸುವುದು, ಉತಾರ ತೆಗೆಸುವುದು, ಖರೇದಿ ದಿನ ಕಚೇರಿಗೆ ಕರೆದೊಯ್ಯುವುದು, ಎಲ್ಲವೂ ಅವರ ಕೈಯಲ್ಲೇ. "ನಿಮಗ್ಯಾಕ ಚಿಂತಿ, ಎಲ್ಲಾ ನಾ ನೋಡ್ಕೋತೀನ್ರಿ" ಎಂಬ ಒಂದು ಮಾತಿನ ಮೇಲೆ ಒಂದು ಕುಟುಂಬ ಜೀವಮಾನವೆಲ್ಲ ಕೂಡಿಟ್ಟ ಹಣ ಕೈ ಬದಲಾಯಿಸುತ್ತದೆ.

ಏಜೆಂಟರು ಬೇಡವೆಂದು ನಾವು ಹೇಳುತ್ತಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಗಿರಾಕಿ ಹುಡುಕಿಕೊಟ್ಟು, ಕಾಗದ ಸರಿಮಾಡಿಸಿ, ಒಂದು ರೂಪಾಯಿಯೂ ಹೆಚ್ಚು ಮುಟ್ಟದ ಏಜೆಂಟರು ನಮ್ಮ ತಾಲೂಕಿನಲ್ಲಿದ್ದಾರೆ. ನಮ್ಮ ತಕರಾರು ಬೇರೆ. ಖರೇದಿ ಪತ್ರದಲ್ಲಿ ಮಾರುವವರ ಹೆಸರಿರುತ್ತದೆ, ಕೊಳ್ಳುವವರ ಹೆಸರಿರುತ್ತದೆ, ಇಬ್ಬರ ಫೋಟೊ ಮತ್ತು ಹೆಬ್ಬೆರಳ ಗುರುತು ಇರುತ್ತದೆ, ಸಾಕ್ಷಿದಾರರ ಸಹಿ ಇರುತ್ತದೆ, ಪತ್ರ ಬರೆದವರ ಹೆಸರೂ ಇರುತ್ತದೆ. ವ್ಯವಹಾರವನ್ನು ಕುದುರಿಸಿದವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಮುಂದೆ ತಂಟೆ ಬಂದಾಗ ಅವರು ವ್ಯವಹಾರದಲ್ಲಿ ಇದ್ದರೆಂಬುದಕ್ಕೇ ಪುರಾವೆ ಸಿಗುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ಕಾರಣವಿದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ರೇರಾ, ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿತು. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ನೋಂದಣಿ ಇಲ್ಲದೆ ದಲಾಲಿ ಮಾಡಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ಹಾಕಬಹುದು. ಆದರೆ ಈ ಬಿಗಿಯೆಲ್ಲ ನೋಂದಾಯಿತ ಬಡಾವಣೆ ಮತ್ತು ಅಪಾರ್ಟ್‌ಮೆಂಟುಗಳ ಮಾರಾಟಕ್ಕೆ ಮಾತ್ರ. 500 ಚದರ ಮೀಟರಿಗಿಂತ, ಅಂದರೆ ಸುಮಾರು ಐದು ಗುಂಟೆಗಿಂತ, ಹೆಚ್ಚಿಲ್ಲದ ಜಾಗದ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. ಒಬ್ಬರು ಕಟ್ಟಿಸಿ ಬಾಳಿದ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರುವ ವ್ಯವಹಾರವಂತೂ ಅದರ ಹೊರಗೇ ಉಳಿಯುತ್ತದೆ. ಕಲಘಟಗಿಯಂಥ ಊರಲ್ಲಿ ಜನಸಾಮಾನ್ಯರು ಮಾಡುವುದು ಇಂಥ ವ್ಯವಹಾರವನ್ನೇ. ಹಾಗಾಗಿ ಕಾಯ್ದೆ ಬಂದು ಇಷ್ಟು ವರ್ಷ ಕಳೆದರೂ ಅದರ ನೆರಳು ನಮ್ಮ ಓಣಿಗಳಿಗೆ ಬಿದ್ದಿಲ್ಲ.

ನಮ್ಮಲ್ಲಿ ದಲಾಲಿಗೆ ಲೈಸನ್ಸ್ ಎಂಬುದು ಹೊಸ ಮಾತೂ ಅಲ್ಲ. ಗೋವಿನಜೋಳ, ಹತ್ತಿ, ಸೋಯಾ ಮಾರಲು ಎಪಿಎಂಸಿಗೆ ಹೋದರೆ ಅಲ್ಲಿಯ ದಲಾಲರಿಗೆ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಡಿ ಲೈಸನ್ಸ್ ಇದೆ. ಮಾರುವ ರೈತನಿಂದ ಕಮಿಷನ್ ಹಿಡಿಯಬಾರದೆಂಬ ನಿಯಮವಿದೆ. ಖರೇದಿ ಪತ್ರ ಬರೆಯುವವರಿಗೂ 1979ರ ದಸ್ತಾವೇಜು ಬರಹಗಾರರ ನಿಯಮಗಳಡಿ ಪರವಾನಗಿ ಬೇಕು. ಒಂದು ಚೀಲ ಜೋಳ ಮಾರಿಸಲು ಲೈಸನ್ಸ್ ಬೇಕು, ಒಂದು ಕಾಗದ ಬರೆಯಲು ಲೈಸನ್ಸ್ ಬೇಕು, ಇಡೀ ಮನೆ ಮಾರಿಸಲು ಏನೂ ಬೇಡ. ಈ ಅಸಮತೋಲನ ಸರಿಯಾಗಬೇಕೆಂದು ಕೇಳಿ ಕೆಳಗಿನ 14 ಹಕ್ಕೊತ್ತಾಯಗಳನ್ನು ಮಂಡಿಸುತ್ತಿದ್ದೇವೆ.

ಭಾಗ ಒಂದು: ಹೆಸರು ಮತ್ತು ಹೊಣೆ

1. ಹಳೆಯ ಮನೆಗಳ ವ್ಯವಹಾರ ಮಾಡುವ ಏಜೆಂಟರಿಗೂ ನೋಂದಣಿ ಕಡ್ಡಾಯವಾಗಲಿ.

ರಾಜ್ಯ ಸರ್ಕಾರ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ತರಬೇಕು. ಹರಿಯಾಣ ರಾಜ್ಯ ರೇರಾ ಬರುವುದಕ್ಕೂ ಎಂಟು ವರ್ಷ ಮೊದಲೇ, 2008ರಲ್ಲಿ, ಆಸ್ತಿ ದಲ್ಲಾಳಿಗಳ ನಿಯಂತ್ರಣ ಕಾಯ್ದೆ ಮಾಡಿ ಲೈಸನ್ಸ್ ಪದ್ಧತಿ ತಂದಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿಯೂ ಸಾಧ್ಯ. ಆದರೆ ನೋಂದಣಿ ತಾಲೂಕು ಮಟ್ಟದಲ್ಲೇ ಆಗಬೇಕು, ಶುಲ್ಕ ಕೈಗೆಟಕುವಂತಿರಬೇಕು. ರೇರಾ ಅಡಿ ಕರ್ನಾಟಕದಲ್ಲಿ ಒಬ್ಬ ಏಜೆಂಟರ ನೋಂದಣಿ ಶುಲ್ಕ 25,000 ರೂಪಾಯಿ. ವರ್ಷಕ್ಕೆ ನಾಲ್ಕಾರು ಮನೆ ಮಾರಿಸುವ ಸಣ್ಣ ಊರಿನ ಏಜೆಂಟರಿಗೆ ಅಷ್ಟು ಹೇರಿದರೆ ಅವರು ನೋಂದಣಿಗೆ ಬರುವುದೇ ಇಲ್ಲ. ಅವರನ್ನು ಪುಸ್ತಕದೊಳಗೆ ತರುವುದು ನಮ್ಮ ಉದ್ದೇಶ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ಅಲ್ಲ.

2. ಖರೇದಿ ಪತ್ರದಲ್ಲಿ ಏಜೆಂಟರ ಕಲಂ ಇರಲಿ.

ಕಾವೇರಿ 2.0 ತಂತ್ರಾಂಶದಲ್ಲಿ ನೋಂದಣಿಗೆ ಅರ್ಜಿ ತುಂಬುವಾಗ ಒಂದು ಪ್ರಶ್ನೆ ಸೇರಿಸಬೇಕು: ಈ ವ್ಯವಹಾರದಲ್ಲಿ ಮಧ್ಯವರ್ತಿ ಇದ್ದಾರೆಯೇ? ಇದ್ದರೆ ಅವರ ಹೆಸರು, ವಿಳಾಸ, ಗುರುತಿನ ದಾಖಲೆ, ಎರಡೂ ಕಡೆಯಿಂದ ಪಡೆದ ದಲಾಲಿಯ ಮೊತ್ತ, ಸಹಿ. ಮಧ್ಯವರ್ತಿ ಇಲ್ಲದಿದ್ದರೆ ಇಲ್ಲವೆಂದು ಇಬ್ಬರೂ ಬರೆದುಕೊಡಲಿ. ಹೀಗೆ ಬರೆದದ್ದು ಸುಳ್ಳಾದರೆ ಹೊಣೆ ಯಾರದೆಂಬುದು ಗೊತ್ತಾಗುತ್ತದೆ. ಈ ಪತ್ರದ ಎಲ್ಲ ಬೇಡಿಕೆಗಳ ಬೇರು ಇಲ್ಲಿದೆ. ಏಜೆಂಟರ ಹೆಸರು ದಾಖಲಾದರೆ ಉಳಿದ ಪ್ರಶ್ನೆಗಳನ್ನು ಕೇಳಲು ಒಬ್ಬ ವ್ಯಕ್ತಿ ಸಿಗುತ್ತಾರೆ.

3. ಏಜೆಂಟರಿಗೆ ಕನ್ನಡದಲ್ಲಿ ತರಬೇತಿ ಕೊಡಿ.

ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿಯೂ ಉತಾರ, ಋಣಭಾರ ಪತ್ರ, ವಾರಸಾ, ಮುದ್ರಾಂಕ ಶುಲ್ಕ ಇವುಗಳ ಮೂಲ ತಿಳಿವಳಿಕೆ ಇಲ್ಲದವರಿಗೆ ನೋಂದಣಿ ಸಿಗಬಾರದು. ತರಬೇತಿ ಧಾರವಾಡದಲ್ಲಿ ನಡೆಯಲಿ, ಕನ್ನಡದಲ್ಲಿ ನಡೆಯಲಿ.

ಭಾಗ ಎರಡು: ದಲಾಲಿ

4. ಮನೆ ತೋರಿಸುವ ಮೊದಲೇ ಲಿಖಿತ ಒಪ್ಪಂದ ಆಗಲಿ.

ಏಜೆಂಟರು ಯಾರ ಪರವಾಗಿ ಕೆಲಸ ಮಾಡುತ್ತಾರೆ? ಮಾರುವವರ ಪರವೋ, ಕೊಳ್ಳುವವರ ಪರವೋ, ಇಬ್ಬರ ಪರವೋ? ದಲಾಲಿ ಎಷ್ಟು, ಯಾರು ಕೊಡಬೇಕು, ಯಾವಾಗ ಕೊಡಬೇಕು, ಒಪ್ಪಂದ ಎಷ್ಟು ತಿಂಗಳು ನಡೆಯುತ್ತದೆ? ಒಂದು ಪುಟದಲ್ಲಿ, ಸರಳ ಕನ್ನಡದಲ್ಲಿ ಇಷ್ಟು ಬರೆದು ಸಹಿ ಮಾಡಿಸಿ, ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಡಬೇಕು. ಇಂಗ್ಲೆಂಡಿನಲ್ಲಿ 1979ರ ಎಸ್ಟೇಟ್ ಏಜೆಂಟ್ಸ್ ಕಾಯ್ದೆಯ ಪ್ರಕಾರ ಗಿರಾಕಿ ಒಪ್ಪುವ ಮೊದಲೇ ಏಜೆಂಟರು ತಮ್ಮ ಶುಲ್ಕವನ್ನು ತಿಳಿಸಲೇಬೇಕು. ನಮ್ಮಲ್ಲಿ ದಲಾಲಿಯ ಮಾತು ಸಂಚಕಾರ ಕೊಟ್ಟ ಮೇಲೆ ಬಾಯಿಗೆ ಬರುತ್ತದೆ. ಅಷ್ಟೊತ್ತಿಗೆ ಹಿಂದೆ ಸರಿಯುವ ದಾರಿ ಮುಚ್ಚಿರುತ್ತದೆ.

5. ದಲಾಲಿಯ ದರ ಫಲಕದ ಮೇಲೆ ಇರಲಿ. ಹಣ ಖರೇದಿಯಾದ ಮೇಲೆ, ರಸೀದಿಯ ಮೇಲೆ ಸಲ್ಲಲಿ.

ಕರ್ನಾಟಕದಲ್ಲಿ ಮನೆ ದಲಾಲಿಗೆ ಯಾವ ಕಾಯ್ದೆಯೂ ದರ ಕಟ್ಟಿಲ್ಲ. ರೇರಾ ಕೂಡ ಕಟ್ಟಿಲ್ಲ. ರೂಢಿಯಲ್ಲಿ ಒಬ್ಬೊಬ್ಬರಿಂದ ಒಂದೋ ಎರಡೋ ಪರ್ಸೆಂಟ್ ಎನ್ನುತ್ತಾರೆ. ಪಟ್ಟಣದಲ್ಲಿ 20 ಲಕ್ಷ ರೂಪಾಯಿಯ ಮನೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇಕಡಾ 5.6, ಅಂದರೆ 1,12,000 ರೂಪಾಯಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ, ಅಂದರೆ 40,000 ರೂಪಾಯಿ. ಸರ್ಕಾರಕ್ಕೆ ಸಲ್ಲುವ ಈ 1,52,000 ರೂಪಾಯಿಗೆ ಪೈಸೆ ಪೈಸೆಗೂ ಚಲನ್ ಇದೆ. ಎರಡೂ ಕಡೆಯಿಂದ ಎರಡೆರಡು ಪರ್ಸೆಂಟಿನಂತೆ ಏಜೆಂಟರಿಗೆ ಹೋಗುವ 80,000 ರೂಪಾಯಿಗೆ ಒಂದು ಚೀಟಿಯೂ ಇರುವುದಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 219ನೇ ಕಲಂ ಹೇಳುವುದು ಸ್ಪಷ್ಟವಾಗಿದೆ: ಬೇರೆ ಕರಾರು ಇಲ್ಲದಿದ್ದರೆ, ವಹಿಸಿಕೊಂಡ ಕೆಲಸ ಮುಗಿಯುವವರೆಗೆ ಏಜೆಂಟರ ಸಂಭಾವನೆ ಬಾಕಿಯೆನಿಸುವುದಿಲ್ಲ. 220ನೇ ಕಲಮಿನ ಪ್ರಕಾರ ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟರು ಆ ಭಾಗದ ಸಂಭಾವನೆಯನ್ನೇ ಕಳೆದುಕೊಳ್ಳುತ್ತಾರೆ. ಆದ್ದರಿಂದ ಸಂಚಕಾರದ ಹಣದಲ್ಲೇ ದಲಾಲಿ ಮುರಿದುಕೊಳ್ಳುವ ಪದ್ಧತಿ ನಿಲ್ಲಬೇಕು. ಇ-ಖಾತೆ ಮಾಡಿಸಲು, ಉತಾರ ತೆಗೆಸಲು ಎಂದು ಪಡೆಯುವ ಹಣದಲ್ಲಿ ಸರ್ಕಾರಿ ಶುಲ್ಕ ಎಷ್ಟು, ಏಜೆಂಟರ ಓಡಾಟದ ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆಯಬೇಕು.

6. ಮಾರುವವರಿಗೆ ಒಂದು ಬೆಲೆ, ಕೊಳ್ಳುವವರಿಗೆ ಒಂದು ಬೆಲೆ ಹೇಳುವುದು ನಿಲ್ಲಲಿ.

ದನದ ಸಂತೆಯಲ್ಲಿ ಟವೆಲ್ ಮುಚ್ಚಿ ಬೆರಳು ಹಿಡಿದು ದರ ಮಾತಾಡುವ ಹಾಗೆ ನಮ್ಮ ಮನೆಗಳ ಬೆಲೆ ನಿಗದಿಯಾಗುತ್ತಿದೆ. ಮಾರುವವರಿಗೆ 16 ಲಕ್ಷ ಎಂದು ಒಪ್ಪಿಸಿ, ಕೊಳ್ಳುವವರಿಂದ 18 ಲಕ್ಷ ಪಡೆದರೆ ನಡುವಿನ ಎರಡು ಲಕ್ಷ ಯಾರದು? ಇಬ್ಬರೂ ಎದುರುಬದುರು ಕೂಡದ ಹಾಗೆ ನೋಡಿಕೊಂಡರೆ ಈ ಪ್ರಶ್ನೆ ಏಳುವುದೇ ಇಲ್ಲ. ಕೆಲವೆಡೆ ಏಜೆಂಟರೇ ಬಂಧುಗಳ ಹೆಸರಲ್ಲಿ ಸಂಚಕಾರ ಕೊಟ್ಟು, ಮನೆಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಹೆಚ್ಚು ಕೊಡುವ ಗಿರಾಕಿ ಸಿಕ್ಕಾಗ ಅವರಿಗೆ ನೇರ ಖರೇದಿ ಮಾಡಿಸುತ್ತಾರೆ.

ಈ ಎರಡಕ್ಕೂ ಕರಾರು ಕಾಯ್ದೆಯಲ್ಲಿ ಉತ್ತರವಿದೆ. ತನ್ನನ್ನು ನೇಮಿಸಿದವರಿಗೆ ಎಲ್ಲ ಸಂಗತಿ ತಿಳಿಸಿ ಒಪ್ಪಿಗೆ ಪಡೆಯದೆ ಏಜೆಂಟರು ಸ್ವಂತಕ್ಕೆ ವ್ಯವಹಾರ ಮಾಡಿದರೆ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟಿದ್ದಲ್ಲಿ ಅಥವಾ ನಷ್ಟವಾಗಿದ್ದಲ್ಲಿ ಅದನ್ನು ತಳ್ಳಿಹಾಕಬಹುದು ಎನ್ನುತ್ತದೆ 215ನೇ ಕಲಂ. ಹಾಗೆ ಬಂದ ಲಾಭವನ್ನು ನೇಮಿಸಿದವರು ಕೇಳಿ ಪಡೆಯಬಹುದು ಎನ್ನುತ್ತದೆ 216. ಒಂದೂವರೆ ಶತಮಾನದಿಂದ ಇರುವ ಈ ಹಕ್ಕು ನಮ್ಮ ಜನರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಏಜೆಂಟರನ್ನು ನೇಮಿಸಿದ್ದಕ್ಕೆ ಕಾಗದವಿಲ್ಲದ ಕಾರಣ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಆದ್ದರಿಂದ ಬೆಲೆ ಅಂತಿಮವಾಗುವ ದಿನ ಮಾರುವವರು, ಕೊಳ್ಳುವವರು, ಏಜೆಂಟರು ಒಂದೇ ಕಡೆ ಕುಳಿತು ಮೊತ್ತವನ್ನು ಬರೆದು ಮೂವರೂ ಸಹಿ ಮಾಡಬೇಕು. ತಮ್ಮ ಅಥವಾ ತಮ್ಮ ಬಂಧುಗಳ ಹಿತಾಸಕ್ತಿ ಇದ್ದರೆ ಏಜೆಂಟರು ಮೊದಲೇ ಬರೆದು ತಿಳಿಸಬೇಕು.

ಭಾಗ ಮೂರು: ಹಣ

7. ಸಂಚಕಾರ ಮಾರುವವರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗಲಿ.

ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದ ಮಾರಾಟಗಾರರ ಮೇಲೆ. "ರೊಕ್ಕ ನನ್ನ ಕಡೆ ಇರ್ಲಿ, ಮುಟ್ಟಸ್ತೀನಿ" ಎನ್ನುವ ಏಜೆಂಟರ ಮೇಲೆ ಅಲ್ಲ. ಸಂಚಕಾರ ಪತ್ರದಲ್ಲಿ ಖರೇದಿಯ ಗಡುವು, ಮಾರುವವರು ತಪ್ಪಿದರೆ ಏನು, ಕೊಳ್ಳುವವರು ತಪ್ಪಿದರೆ ಏನು, ಬ್ಯಾಂಕ್ ಸಾಲ ಸಿಗದಿದ್ದರೆ ಹಣ ವಾಪಸ್ಸು ಹೇಗೆ ಎಂಬ ನಾಲ್ಕು ಸಂಗತಿ ಇರಲೇಬೇಕು. ನಾಲ್ಕನೆಯದು ನಮ್ಮಲ್ಲಿ ಬಿಟ್ಟುಹೋಗುವುದೇ ಹೆಚ್ಚು.

8. ನಿಜವಾದ ಬೆಲೆಯನ್ನೇ ಖರೇದಿ ಪತ್ರದಲ್ಲಿ ಬರೆಯುವಂತಾಗಲಿ.

ಶುಲ್ಕ ಉಳಿಸುವ ನೆಪದಲ್ಲಿ ಕಡಿಮೆ ಮೊತ್ತ ಬರೆಸುವ ಸಲಹೆಯನ್ನು ಏಜೆಂಟರು ಕೊಡಬಾರದು. ಬರೆದ ಮೊತ್ತ ಮಾರುಕಟ್ಟೆ ಬೆಲೆಗಿಂತ ಕಡಿಮೆ ಎನಿಸಿದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಕಲಮಿನಡಿ ಪ್ರಕರಣ ಜಿಲ್ಲಾ ನೋಂದಣಾಧಿಕಾರಿಗಳಿಗೆ ಹೋಗುತ್ತದೆ. ನಾಳೆ ವ್ಯವಹಾರ ಮುರಿದುಬಿದ್ದರೆ ಕಾಗದದಲ್ಲಿ ಇರದ ಹಣವನ್ನು ಕೊಟ್ಟೆನೆಂದು ಸಾಬೀತು ಮಾಡುವುದು ಕೊಳ್ಳುವವರಿಗೆ ಬಹಳ ಕಷ್ಟ.

ಭಾಗ ನಾಲ್ಕು: ದಾಖಲೆ

9. ಸಂಚಕಾರಕ್ಕೆ ಮೊದಲು ದಾಖಲೆಗಳ ಪೂರ್ತಿ ಕಟ್ಟು ಕೊಳ್ಳುವವರ ಕೈ ಸೇರಲಿ.

ಮೂಲ ಖರೇದಿ ಪತ್ರ ಅಥವಾ ವಾಟ್ನಿ ಪತ್ರ, ಪಟ್ಟಣ ಪಂಚಾಯಿತಿಯ ಇ-ಖಾತೆ ಅಥವಾ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11, ಋಣಭಾರ ಪತ್ರ, ತೆರಿಗೆ ಮತ್ತು ಕರೆಂಟ್ ಬಿಲ್ಲಿನ ರಸೀದಿ, ಸಾಲವಿದ್ದರೆ ಬ್ಯಾಂಕಿನ ಬಾಕಿ ಪತ್ರ, ಜಾಗದ ಅಳತೆ ಮತ್ತು ಚೆಕ್‌ಬಂದಿ. 2024ರ ಅಕ್ಟೋಬರ್‌ನಿಂದ ಪಟ್ಟಣದ ಆಸ್ತಿಗಳಿಗೂ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಇದು ಗೊತ್ತಿದ್ದೂ ಇ-ಖಾತೆ ಇಲ್ಲದ ಮನೆಗೆ ಸಂಚಕಾರ ಕೊಡಿಸಿದರೆ ಗಡುವು ಮೀರುತ್ತದೆ, ಕೊಳ್ಳುವವರ ಹಣ ಸಿಕ್ಕಿಬೀಳುತ್ತದೆ. ಋಣಭಾರ ಪತ್ರವೊಂದನ್ನೇ ನಂಬುವುದೂ ಸಾಲದು. ನೋಂದಣಿಯಾಗದ ಅಡವು, ಕೈಸಾಲ, ಕೋರ್ಟಿನ ದಾವೆ ಅದರಲ್ಲಿ ಕಾಣದೇ ಇರಬಹುದು. ತನಗೆ ಗೊತ್ತಿರುವ ತಂಟೆ-ತಕರಾರನ್ನು ಏಜೆಂಟರು ಲಿಖಿತವಾಗಿ ತಿಳಿಸುವುದು ಕಡ್ಡಾಯವಾಗಬೇಕು.

10. ಹೆಣ್ಣುಮಕ್ಕಳ ಹಕ್ಕನ್ನು ದಾಟಿ ವ್ಯವಹಾರ ಕುದುರಿಸಬೇಡಿ.

ಅಪ್ಪ ತೀರಿಕೊಂಡ ಮೇಲೆ ಮನೆ ಮಾರುವಾಗ ಗಂಡುಮಕ್ಕಳ ಸಹಿ ಕೂಡಿಸಿ, ಕೊಟ್ಟ ಮನೆಗೆ ಹೋದ ಅಕ್ಕ-ತಂಗಿಯರನ್ನು ಕೇಳದೇ ಬಿಡುವುದು ನಮ್ಮ ಭಾಗದ ಹಳೆಯ ನೋವು. ಹಿಂದೂ ವಾರಸಾ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು.

ಇಲ್ಲಿ ಅನ್ಯಾಯ ಇಬ್ಬರಿಗೆ ಆಗುತ್ತದೆ. ಪಾಲು ಸಿಗದ ಮಗಳಿಗೆ ಒಂದು. ಹಣ ಪೂರ್ತಿ ಕೊಟ್ಟು ಮನೆ ಕೊಂಡು, ವರ್ಷಗಳ ಮೇಲೆ ಕೋರ್ಟ್ ನೋಟಿಸ್ ಪಡೆಯುವ ಕುಟುಂಬಕ್ಕೆ ಇನ್ನೊಂದು. "ಅಕ್ಕಾರು ಏನೂ ಅನ್ನಂಗಿಲ್ಲ" ಎಂದು ನಂಬಿಸಿದ ಏಜೆಂಟರು ಅಷ್ಟೊತ್ತಿಗೆ ದಲಾಲಿ ಪಡೆದು ಕೈ ತೊಳೆದುಕೊಂಡಿರುತ್ತಾರೆ. ವಾರಸಾದಿಂದ ಬಂದ ಮನೆಯನ್ನು ಮಾರಿಸುವಾಗ ವಂಶಾವಳಿ ಮತ್ತು ಎಲ್ಲ ವಾರಸುದಾರರ ಲಿಖಿತ ಒಪ್ಪಿಗೆಯನ್ನು ಪಡೆಯುವುದು ಏಜೆಂಟರ ಕರ್ತವ್ಯವೆಂದು ನಿಯಮದಲ್ಲೇ ಬರಬೇಕು. ಒಬ್ಬ ವಾರಸುದಾರಳ ಹೆಸರನ್ನು ತಿಳಿದೂ ಮುಚ್ಚಿಟ್ಟರೆ ದಲಾಲಿ ವಾಪಸ್ಸಾಗಬೇಕು, ನೋಂದಣಿ ರದ್ದಾಗಬೇಕು.

11. ಮಾರಬಾರದ ಜಾಗ, ಮಾರಲಾಗದ ಕಾಗದ ಸಂತೆಗೆ ಬರದಿರಲಿ.

ಆಶ್ರಯ ಮನೆಗಳಿಗೆ, ಸರ್ಕಾರದ ಹಕ್ಕುಪತ್ರದ ಜಾಗಗಳಿಗೆ ಪರಭಾರೆಯ ನಿರ್ಬಂಧಗಳಿರುತ್ತವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಕಾಯುತ್ತದೆ. ಬಿನ್‌ಶೇತ್ಕಿ ಆಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡರಿಸಿ, ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟರೆ ಕೊಂಡವರಿಗೆ ಮನೆ ಕಟ್ಟುವ ಪರವಾನಗಿಯೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. ಬರೀ ಮುಖ್ತಿಯಾರ ಪತ್ರದ ಮೇಲೆ ಮನೆಯ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿ ಆಗಿದೆ. ಇಂಥ ಆಸ್ತಿಯನ್ನು ತಿಳಿದೂ ತೋರಿಸುವ ಏಜೆಂಟರ ಮೇಲೆ ಕ್ರಮ ಆಗಬೇಕು. ನಿರ್ಬಂಧವಿರುವ ಜಾಗಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳು ಮತ್ತು ಪಟ್ಟಣ ಪಂಚಾಯಿತಿ ತಮ್ಮ ಫಲಕದ ಮೇಲೆ ಹಾಕಬೇಕು.

ಭಾಗ ಐದು: ಕಚೇರಿ ಮತ್ತು ದೂರು

12. ಉಪನೋಂದಣಿ ಕಚೇರಿಯಲ್ಲಿ ಸಹಾಯದ ಕೌಂಟರ್ ತೆರೆಯಿರಿ, ಪತ್ರವನ್ನು ಓದಿ ಹೇಳಿ.

ಕಾವೇರಿ ಆನ್‌ಲೈನ್ ಆಗಿದೆ, ಸರಿ. ಮೊಬೈಲಿನಲ್ಲಿ ಅರ್ಜಿ ತುಂಬಲು ಬಾರದ ರೈತ, ಅಕ್ಷರ ಕಲಿಯದ ತಾಯಿ ಅದೇ ಕಾರಣಕ್ಕೆ ಏಜೆಂಟರ ಕೈಗೆ ಪೂರ್ತಿ ಒಪ್ಪಿಸಿಕೊಳ್ಳುತ್ತಾರೆ. ಕಚೇರಿಯಲ್ಲಿ ಉಚಿತ ಸಹಾಯದ ಕೌಂಟರ್ ಇರಲಿ. ಮುದ್ರಾಂಕ ಮತ್ತು ನೋಂದಣಿ ಶುಲ್ಕದ ಲೆಕ್ಕವನ್ನು ಉದಾಹರಣೆ ಸಹಿತ ಬರೆದ ದೊಡ್ಡ ಫಲಕ ಬಾಗಿಲಲ್ಲೇ ಇರಲಿ. ಹೆಬ್ಬೆಟ್ಟು ಒತ್ತುವವರಿಗೆ ಪತ್ರದ ಬೆಲೆ, ಅಳತೆ, ಚೆಕ್‌ಬಂದಿಯನ್ನು ಅಧಿಕಾರಿಗಳ ಎದುರು ಏಜೆಂಟರಲ್ಲದ ಬೇರೊಬ್ಬರು ಓದಿ ಹೇಳುವ ಪದ್ಧತಿ ಕಡ್ಡಾಯವಾಗಲಿ.

13. ದೂರು ಕೇಳುವವರು ತಾಲೂಕಿನಲ್ಲೇ ಇರಲಿ.

ರೇರಾ ಪ್ರಾಧಿಕಾರ ಬೆಂಗಳೂರಿನಲ್ಲಿದೆ. ಕಲಘಟಗಿಯ ಕೂಲಿಕಾರರಿಗೆ ಅದು ದೂರದ ಊರು. ಹತ್ತಿರದ ದಾರಿಗಳು ಇವೆ, ಆದರೆ ಅವುಗಳ ಬಗ್ಗೆ ಯಾರೂ ಹೇಳುವುದಿಲ್ಲ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿ ತಿಂಗಳಿಗೊಮ್ಮೆ ಮನೆ-ಜಾಗದ ತಕರಾರುಗಳಿಗೆಂದೇ ಒಂದು ದಿನ ಇಡಬೇಕು. ರೇರಾ ಪ್ರಾಧಿಕಾರ ಹುಬ್ಬಳ್ಳಿ-ಧಾರವಾಡದಲ್ಲಿ ನಿಗದಿತ ದಿನಗಳಂದು ಕಲಾಪ ನಡೆಸಬೇಕು.

14. ಪ್ರಾಮಾಣಿಕ ಏಜೆಂಟರ ಕೂಲಿಗೂ ರಕ್ಷಣೆ ಇರಲಿ.

ತಿಂಗಳುಗಟ್ಟಲೆ ಓಡಾಡಿ ಗಿರಾಕಿ ತಂದ ಏಜೆಂಟರನ್ನು ಬದಿಗಿಟ್ಟು, ಮಾರುವವರೂ ಕೊಳ್ಳುವವರೂ ಹಿಂದಿನಿಂದ ಮಾತಾಡಿಕೊಂಡು ಖರೇದಿ ಮುಗಿಸುವುದೂ ನಡೆಯುತ್ತದೆ. ಅದೂ ಮೋಸವೇ. ಲಿಖಿತ ಒಪ್ಪಂದದ ಅವಧಿಯಲ್ಲಿ ಏಜೆಂಟರು ಪರಿಚಯಿಸಿದ ಗಿರಾಕಿಗೇ ಮನೆ ಮಾರಿದರೆ ಒಪ್ಪಿದ ದಲಾಲಿ ಸಲ್ಲಬೇಕು. ಇಂಥ ದೂರನ್ನೂ ತಾಲೂಕಿನಲ್ಲೇ ಕೇಳುವಂತಾಗಲಿ.

ನಮ್ಮ ಕಡೆಯ ಬದ್ಧತೆ

ಕೇಳುವುದಷ್ಟೇ ನಮ್ಮ ಕೆಲಸವಲ್ಲವೆಂದು ಬಲ್ಲೆವು. ನಾವು ಮನೆಯ ನಿಜವಾದ ಬೆಲೆಯನ್ನೇ ಕಾಗದದಲ್ಲಿ ಬರೆಸುತ್ತೇವೆ. ಮನೆಯ ಮೇಲಿನ ಸಾಲ, ದಾವೆ, ಪಾಲುಗಾರರ ಹೆಸರನ್ನು ಏಜೆಂಟರಿಂದಲೂ ಕೊಳ್ಳುವವರಿಂದಲೂ ಮುಚ್ಚಿಡುವುದಿಲ್ಲ. ಅಕ್ಕ-ತಂಗಿಯರನ್ನು ಕರೆಸಿ, ಕೇಳಿ, ಅವರ ಪಾಲು ಕೊಟ್ಟೇ ಮಾರುತ್ತೇವೆ. ಒಪ್ಪಿದ ದಲಾಲಿಯನ್ನು ಖರೇದಿಯ ದಿನವೇ ಬ್ಯಾಂಕಿನ ಮೂಲಕ ಕೊಡುತ್ತೇವೆ. ಬಾಯಿಮಾತಿನ ಮೇಲೆ ಸಂಚಕಾರ ಕೊಡುವುದನ್ನು ನಮ್ಮ ಮನೆಗಳಿಂದಲೇ ನಿಲ್ಲಿಸುತ್ತೇವೆ.

ಗಡುವು

ಒಂದನೇ ಬೇಡಿಕೆಗೆ ಹೊಸ ಕಾಯ್ದೆ ಬೇಕು. ಅದರ ಮಸೂದೆ ಒಂದು ವರ್ಷದೊಳಗೆ ವಿಧಾನಮಂಡಲದ ಮುಂದೆ ಬರಲಿ. ಎರಡನೆಯದಕ್ಕೆ ಬೇಕಾದ ನಿಯಮ ಮತ್ತು ತಂತ್ರಾಂಶದ ಬದಲಾವಣೆಗೆ ಆರು ತಿಂಗಳು ಸಾಕು. ದರದ ಫಲಕ, ಸಹಾಯದ ಕೌಂಟರ್, ನಿರ್ಬಂಧಿತ ಜಾಗಗಳ ಪಟ್ಟಿ, ಕಾನೂನು ಸೇವಾ ಸಮಿತಿಯ ತಿಂಗಳ ದಿನ, ಇವುಗಳಿಗೆ ಯಾವ ಕಾಯ್ದೆಯೂ ಬೇಕಿಲ್ಲ. ಇವು 30 ದಿನಗಳಲ್ಲಿ ಆಗಲಿ.

ಅದೇ 30 ದಿನಗಳಲ್ಲಿ ಇನ್ನೊಂದು ಕೆಲಸವೂ ಆಗಬಹುದು. ಪಟ್ಟಣ ಪಂಚಾಯಿತಿ ಒಂದು ವಹಿ ತೆರೆಯಲಿ. ಲಿಖಿತ ಒಪ್ಪಂದ ಮಾಡುತ್ತೇನೆ, ರಸೀದಿ ಕೊಡುತ್ತೇನೆ, ಒಂದೇ ಬೆಲೆ ಹೇಳುತ್ತೇನೆ ಎಂದು ಒಪ್ಪುವ ಏಜೆಂಟರು ಸ್ವಇಚ್ಛೆಯಿಂದ ಅದರಲ್ಲಿ ಹೆಸರು, ವಿಳಾಸ, ದಲಾಲಿಯ ದರ ಬರೆದು ಸಹಿ ಮಾಡಲಿ. ಆ ಪಟ್ಟಿಯನ್ನು ಪಂಚಾಯಿತಿಯ ಫಲಕದ ಮೇಲೆ ಅಂಟಿಸಲಿ. ಕಾಯ್ದೆ ಬರುವವರೆಗೆ ನಮ್ಮ ಮನೆಗಳನ್ನು ಮಾರುವುದಾದರೂ, ಕೊಳ್ಳುವುದಾದರೂ, ಆ ಪಟ್ಟಿಯಲ್ಲಿ ಸಹಿ ಮಾಡಿದ ಏಜೆಂಟರ ಮುಖಾಂತರ ಮಾತ್ರ ಮಾಡುತ್ತೇವೆ ಎಂದು ಈ ಪತ್ರಕ್ಕೆ ಸಹಿ ಹಾಕುವ ನಾವೆಲ್ಲ ಮಾತು ಕೊಡುತ್ತಿದ್ದೇವೆ.

ಇಂತಿ,
ಕಲಘಟಗಿ ಪಟ್ಟಣ ಮತ್ತು ತಾಲೂಕಿನ ಗ್ರಾಮಗಳ ನಾಗರಿಕರು